ಎತ್ತಿಟ್ಟ ಎರಡು ದೀನಾರ್

ಇಸ್ಲಾಂ ಹುಟ್ಟುವ ಮುಂಚಿನ ಅರೇಬಿಯಾದ ಒಂದು ಹಳೆಯ ಕಥೆಯಿದೆ. ಆಮಿರ್ ಇಬ್ನ್ ಝರಿಬ್ ಎಂಬ ಹಿರಿಯನಿದ್ದ. ಎಂಥ ವ್ಯಾಜ್ಯವಿದ್ದರೂ ಜನ ಅವನ ಹತ್ತಿರ ಬರುತ್ತಿದ್ದರು. ಒಂದು ದಿನ ಬಂದ ಪ್ರಶ್ನೆಗೆ ಮಾತ್ರ ಅವನಿಗೆ ಉತ್ತರ ಹೊಳೆಯಲಿಲ್ಲ. ಆಸ್ತಿ ಹಂಚಬೇಕು, ಆದರೆ ವಾರಸುದಾರರಲ್ಲಿ ಒಬ್ಬರ ಮೈಯಲ್ಲಿ ಗಂಡಿನ ಗುರುತೂ ಇದೆ, ಹೆಣ್ಣಿನ ಗುರುತೂ ಇದೆ. ಯಾವ ಪಾಲು ಕೊಡಬೇಕು? ಆಮಿರ್ ರಾತ್ರಿಯಿಡೀ ಹೊರಳಾಡಿದ. ಅವನ ಕುರಿ ಕಾಯುತ್ತಿದ್ದ ದಾಸಿ ಸುಖೈಲಾ ಅದನ್ನು ಗಮನಿಸಿದಳು. ಕುರಿ ಬಿಡಲು ತಡ ಮಾಡುತ್ತಾಳೆಂದು ಅವನಿಂದ ದಿನಾ ಬೈಸಿಕೊಳ್ಳುತ್ತಿದ್ದವಳು ಅವಳು. ಏನಾಯಿತು ಎಂದು ಕೇಳಿದಳು. ಅವನು ಮೊದಲು ಗದರಿದ, ಆಮೇಲೆ ಹೇಳಿಕೊಂಡ. ಮೂತ್ರ ಎಲ್ಲಿಂದ ಬರುತ್ತದೋ ನೋಡಿ ತೀರ್ಮಾನಿಸಿ ಎಂದು ಅವಳು ಸಲೀಸಾಗಿ ಹೇಳಿದಳು. ಇನ್ನು ಮೇಲೆ ನೀನು ಎಷ್ಟೇ ತಡ ಮಾಡಿದರೂ ಬೈಯುವುದಿಲ್ಲ ಎಂದನಂತೆ ಆಮಿರ್.

ಮುಂದೆ ಇಸ್ಲಾಮಿನ ಕಾನೂನು ಪಂಡಿತರು ಇದೇ ದಾರಿಯಲ್ಲಿ ನಡೆದರು. ಇಂಥ ಮಗುವನ್ನು ಅವರು ಖುನ್ಸಾ ಎಂದು ಕರೆದರು. ನಾವು ಇಂದು ಅಂತರಲಿಂಗಿ ಎನ್ನುತ್ತೇವೆ. ಎರಡೂ ಕಡೆಯಿಂದ ಮೂತ್ರ ಬಂದರೆ? ಮೊದಲು ಎಲ್ಲಿಂದ ಬಂತೋ ಅದು. ಒಟ್ಟಿಗೇ ಬಂದರೆ ಯಾವ ಕಡೆ ಜಾಸ್ತಿಯೋ ಅದು ಎಂದರು ದೊಡ್ಡ ಕಾನೂನು ಪಂಡಿತ ಅಬೂ ಹನೀಫಾ ಅವರ ಇಬ್ಬರು ಶಿಷ್ಯರು. ಗುರು ಮಾತ್ರ ಅದನ್ನು ಒಪ್ಪಲಿಲ್ಲ. ಈ ಗುರುತುಗಳಿಂದ ಏನೂ ತಿಳಿಯದಿದ್ದರೆ ಆ ಮಗು ಖುನ್ಸಾ ಮುಶ್ಕಿಲ್, ಅಂದರೆ ಬಗೆಹರಿಯದ ಖುನ್ಸಾ. ಆಗ ಮಾಡಬೇಕಾದ್ದು ಕಾಯುವುದು. ಗಡ್ಡ ಬರುತ್ತದೋ, ಮುಟ್ಟಾಗುತ್ತದೋ, ಪ್ರಾಯ ಬಂದಾಗ ಮೈಯೇ ಹೇಳಲಿ ಎಂದು ಬಿಟ್ಟರು. ಅಲ್ಲಿಯವರೆಗೆ ನಮಾಜಿನಲ್ಲಿ ಗಂಡಸರ ಸಾಲಿನ ಹಿಂದೆ, ಹೆಂಗಸರ ಸಾಲಿನ ಮುಂದೆ ಒಂದು ಜಾಗ ಮಾಡಿಕೊಟ್ಟರು.

ಆಸ್ತಿಯ ಲೆಕ್ಕ ನೋಡಿದರೆ ಈ ಕಾಯುವಿಕೆ ಏನೆಂದು ಚೆನ್ನಾಗಿ ತಿಳಿಯುತ್ತದೆ. ತಂದೆ 12 ದೀನಾರ್ ಬಿಟ್ಟು ತೀರಿಕೊಂಡಿದ್ದಾನೆ ಎನ್ನೋಣ. ಒಬ್ಬ ಮಗ, ಒಂದು ಖುನ್ಸಾ ಮಗು. ಮಗನಿಗೆ ಮಗಳ ಎರಡರಷ್ಟು ಪಾಲು ಎಂಬುದು ನಿಯಮ. ಖುನ್ಸಾ ಗಂಡಾದರೆ 6 ದೀನಾರ್, ಹೆಣ್ಣಾದರೆ 4. ಇಲ್ಲಿ ಇಸ್ಲಾಮಿನ ಕಾನೂನು ಪಂಥಗಳು ಬೇರೆ ಬೇರೆ ಮಾತು ಹೇಳಿದವು. ಅಬೂ ಹನೀಫಾ ಅವರ ಪಂಥದ ಹನಫಿಗಳು ಕಡಿಮೆಯದನ್ನೇ ಕೊಡಿ, 4 ಎಂದರು. ಮಾಲಿಕಿಗಳು ನಡುವೆ ನಿಂತು 5 ಎಂದರು. ಶಾಫಿಗಳು ಇನ್ನೊಂದು ದಾರಿ ಹಿಡಿದರು. ಖುನ್ಸಾಗೆ ಖಾತ್ರಿಯಾದ 4 ಕೊಡಿ. ಅಣ್ಣನಿಗೆ ಖಾತ್ರಿಯಾದ 6 ಕೊಡಿ. ಉಳಿದ 2 ದೀನಾರನ್ನು ಎತ್ತಿಡಿ, ವಿಷಯ ಸ್ಪಷ್ಟವಾದ ಮೇಲೆ ಯಾರದೋ ಅವರಿಗೆ ಕೊಡಿ. ನನಗೆ ತುಂಬ ಹಿಡಿಸಿದ್ದು ಈ ಮೂರನೆಯದು. ಗೊತ್ತಿಲ್ಲದಿದ್ದಾಗ ಗೊತ್ತಿಲ್ಲ ಎಂದೇ ಬರೆದಿಟ್ಟ ಲೆಕ್ಕ ಅದು.

ಮೈ ಯಾಕೆ ಹೀಗೆ ರೂಪುಗೊಳ್ಳುತ್ತದೆ? ಗರ್ಭದ ಮೊದಲ ಆರು ವಾರ ಎಲ್ಲ ಭ್ರೂಣಗಳೂ ಒಂದೇ ಥರ. ಗಂಡಿಗೂ ಹೆಣ್ಣಿಗೂ ಬೇಕಾದ ಮೂಲ ಭಾಗಗಳು ಎಲ್ಲರಲ್ಲೂ ಇರುತ್ತವೆ. ಆಮೇಲೆ ಜೀನ್‌ಗಳು ಮತ್ತು ಹಾರ್ಮೋನುಗಳು ದಾರಿ ತೋರಿಸುತ್ತವೆ. ಈ ಮೆಟ್ಟಿಲುಗಳಲ್ಲಿ ಎಲ್ಲಿ ಬೇಕಾದರೂ ಹಾದಿ ಬದಲಾಗಬಹುದು. 1974ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಒಂದು ಹಳ್ಳಿಯ ಮಕ್ಕಳ ಬಗ್ಗೆ ವರದಿ ಬಂತು. ಒಂದು ಕಿಣ್ವದ ಕೊರತೆಯಿಂದ ಅವರು ಹುಟ್ಟಿದಾಗ ಹೆಣ್ಣುಮಕ್ಕಳಂತೆ ಕಾಣುತ್ತಿದ್ದರು. ಹನ್ನೆರಡರ ಆಸುಪಾಸಿನಲ್ಲಿ ಧ್ವನಿ ಒಡೆಯಿತು, ಶಿಶ್ನ ಬೆಳೆಯಿತು. ಅವರಲ್ಲಿ ಹೆಚ್ಚಿನವರು ಗಂಡಸರಾಗಿ ಬದುಕಿದರು. ಪ್ರಾಯದವರೆಗೆ ಕಾಯಿರಿ ಎಂಬ ಹಳೆಯ ಮಾತಿನಲ್ಲಿ ಹುರುಳಿತ್ತು, ಅಲ್ವಾ?

ಎಲ್ಲದಕ್ಕೂ ಕಾಯಲಾಗುವುದಿಲ್ಲ, ಇದನ್ನೂ ಹೇಳಬೇಕು. ಸುಮಾರು 15,000 ಹೆರಿಗೆಗಳಲ್ಲಿ ಒಂದು ಮಗುವಿಗೆ ಅಡ್ರಿನಲ್ ಗ್ರಂಥಿಯ ತೊಂದರೆಯೊಂದು ಹುಟ್ಟಿನಿಂದಲೇ ಇರುತ್ತದೆ. ವೈದ್ಯರು ಅದನ್ನು ಸಿಎಎಚ್ ಎನ್ನುತ್ತಾರೆ. ಅದರಿಂದ ಹೆಣ್ಣುಮಗುವಿನ ಜನನಾಂಗ ಗಂಡಿನದರಂತೆ ಕಾಣಬಹುದು. ಅದರ ತೀವ್ರ ರೂಪದಲ್ಲಿ ಮೈಯಿಂದ ಉಪ್ಪು ಸೋರಿಹೋಗಿ, ಕೆಲವೇ ವಾರಗಳಲ್ಲಿ ಮಗು ಸಾಯಬಹುದು. ಅದಕ್ಕೆ ತಕ್ಷಣ ಔಷಧಿ ಬೇಕು. ಆದರೆ ಆ ಜೀವ ಉಳಿಸುವುದು ಔಷಧಿ. ಜನನಾಂಗದ ಆಕಾರ ಬದಲಿಸುವ ಆಪರೇಷನ್ ಅಲ್ಲ.

ಪಶ್ಚಿಮದ ಕಾನೂನಿಗೂ ಈ ಪ್ರಶ್ನೆ ಹಳೆಯದು. ಯಾವ ಲಕ್ಷಣ ಮೇಲುಗೈಯೋ ಅದೇ ಲಿಂಗ ಎಂದ ಪ್ರಾಚೀನ ರೋಮಿನ ಕಾನೂನು ಪಂಡಿತ ಉಲ್ಪಿಯನ್. 1628ರಲ್ಲಿ ಇಂಗ್ಲೆಂಡಿನ ಕಾನೂನು ಪಂಡಿತ ಎಡ್ವರ್ಡ್ ಕೋಕ್ ಅದನ್ನೇ ಮತ್ತೆ ಬರೆದ. ಮುಂದೆ ಜರ್ಮನಿಯಲ್ಲಿ ಸೇರಿಹೋದ ಪ್ರಷ್ಯಾ ರಾಜ್ಯದ 1794ರ ಕಾನೂನು ಸಂಹಿತೆ ಇನ್ನೂ ಮುಂದೆ ಹೋಯಿತು. ಅಪ್ಪ ಅಮ್ಮ ಹೇಗೆ ಬೇಕೋ ಹಾಗೆ ಬೆಳೆಸಲಿ, 18 ತುಂಬಿದ ಮೇಲೆ ಆ ವ್ಯಕ್ತಿಯೇ ಆರಿಸಿಕೊಳ್ಳಲಿ ಎಂದಿತು. 1900ರಲ್ಲಿ ಜರ್ಮನಿಯ ಹೊಸ ಸಂಹಿತೆ ಬಂದಾಗ ಈ ಮಾತು ಬಿಟ್ಟುಹೋಯಿತು.

ಆಮೇಲೆ ತೀರ್ಮಾನ ಆಸ್ಪತ್ರೆಯ ಕೈಗೆ ಹೋಯಿತು. 1950ರ ದಶಕದಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಮನಿ ಮತ್ತು ಅವರ ಜೊತೆಗಾರರು ಒಂದು ವಾದ ಮುಂದಿಟ್ಟರು. ಬೇಗ ಆಪರೇಷನ್ ಮಾಡಿ, ಗಂಡು ಅಥವಾ ಹೆಣ್ಣು ಎಂದು ಗಟ್ಟಿಯಾಗಿ ಬೆಳೆಸಿದರೆ ಮಗು ಹಾಗೇ ಆಗುತ್ತದೆ ಎಂಬುದು ಅವರ ನಂಬಿಕೆ. ಅದು ಪ್ರಪಂಚದ ಎಷ್ಟೋ ಕಡೆ ರೂಢಿಯಾಯಿತು. ಮಾತು ಬಾರದ ಕೂಸುಗಳ ಮೇಲೆ ಕತ್ತರಿ ಆಡಿತು. ಕೆಲವರು ಮೈಯ ಆ ಭಾಗದ ಸಂವೇದನೆ ಕಳೆದುಕೊಂಡರು, ಕೆಲವರು ಮಕ್ಕಳನ್ನು ಪಡೆಯುವ ಶಕ್ತಿಯನ್ನು. ದೊಡ್ಡವರಾದ ಮೇಲೂ ಎಷ್ಟೋ ಜನರಿಗೆ ತಮ್ಮ ಮೈಗೆ ಏನಾಗಿತ್ತು ಎಂದು ಯಾರೂ ಹೇಳಲಿಲ್ಲ. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಎರಡು ದೀನಾರಿಗೆ ಸಿಕ್ಕಿದ್ದ ತಾಳ್ಮೆ ಆ ಕೂಸುಗಳಿಗೆ ಸಿಗಲಿಲ್ಲ.

ಹಳೆಯ ಫಿಕ್ಹ್‌ನಲ್ಲಿ, ಅಂದರೆ ಇಸ್ಲಾಮಿನ ಕಾನೂನು ಶಾಸ್ತ್ರದಲ್ಲಿ, ಎಲ್ಲವೂ ಸರಿಯಿತ್ತು ಎನ್ನಲಾರೆ. ಪಂಡಿತರ ಚಿಂತೆ ಹೆಚ್ಚಾಗಿ ಪಾಲು, ಸಾಲು, ಮದುವೆಗಳದ್ದು. ಪ್ರಾಯ ಬಂದರೂ ಗುರುತು ಸಿಗದಿದ್ದರೆ ಮನಸ್ಸು ಯಾರ ಕಡೆ ಎಳೆಯುತ್ತದೆ ಎಂದು ಶಾಫಿಗಳು ಕೇಳುತ್ತಿದ್ದರು. ಗಂಡಸರ ಕಡೆ ಎಂದರೆ ಹೆಣ್ಣು, ಹೆಂಗಸರ ಕಡೆ ಎಂದರೆ ಗಂಡು. ಆ ಲೆಕ್ಕ ಎಲ್ಲರಿಗೂ ಹೊಂದುವಂಥದ್ದಲ್ಲ. ಆದರೂ ಆ ವ್ಯಕ್ತಿಯ ಮಾತನ್ನು ನಂಬುತ್ತಿದ್ದರು ಎಂಬುದು ಸಣ್ಣ ವಿಷಯವಲ್ಲ. 1989ರಲ್ಲಿ ಮೆಕ್ಕಾದ ಇಸ್ಲಾಮಿಕ್ ಫಿಕ್ಹ್ ಮಂಡಳಿ, ಎರಡೂ ಲಕ್ಷಣ ಇರುವವರಿಗೆ ಮೇಲುಗೈಯಾದ ಲಿಂಗದ ಕಡೆಗೆ ಹಾರ್ಮೋನ್ ಅಥವಾ ಆಪರೇಷನ್ ಚಿಕಿತ್ಸೆ ಮಾಡಬಹುದು, ಅದು ದೇವರ ಸೃಷ್ಟಿಯನ್ನು ಬದಲಿಸಿದಂತಲ್ಲ ಎಂದಿತು. ಕುಟುಂಬಗಳಿಗೆ ಇದರಿಂದ ಒಂದು ಭಾರ ಇಳಿಯಿತು. ಆದರೆ ಇದನ್ನು ಕಾಯಿಲೆ ಎಂದು ಕರೆದ ಕೂಡಲೇ ಬೇಗ ಸರಿಮಾಡಿಬಿಡೋಣ ಎಂಬ ಅವಸರಕ್ಕೂ ದಾರಿಯಾಗುತ್ತದೆ ಎಂಬುದು ನನ್ನ ಆತಂಕ.

ಕಾಯುವ ಮಾತು ಈಗ ಬೇರೆ ಬೇರೆ ಕಡೆಯಿಂದ ಮತ್ತೆ ಕೇಳುತ್ತಿದೆ. 1999ರಲ್ಲಿ ಕೊಲಂಬಿಯಾದ ಸಂವಿಧಾನ ನ್ಯಾಯಾಲಯ ಅಪ್ಪ ಅಮ್ಮನ ಒಪ್ಪಿಗೆಗೂ ಮಿತಿಯಿದೆ ಎಂದಿತು. 2015ರಲ್ಲಿ ಪುಟ್ಟ ದೇಶ ಮಾಲ್ಟಾ, ಮುಂದೂಡಬಹುದಾದ ಚಿಕಿತ್ಸೆಯನ್ನು ಆ ವ್ಯಕ್ತಿಯೇ ಒಪ್ಪಿಗೆ ಕೊಡುವವರೆಗೆ ಮಾಡಬಾರದು ಎಂದು ಕಾನೂನು ಮಾಡಿತು. ನಮ್ಮ ಪಕ್ಕದ ತಮಿಳುನಾಡಿನಲ್ಲಿ 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟ್ ತೀರ್ಪು ಕೊಟ್ಟಿತು. ಅಪ್ಪ ಅಮ್ಮ ಹೂಂ ಎಂದರೆ ಮಗು ಒಪ್ಪಿದ ಹಾಗಲ್ಲ ಎಂಬುದು ಅದರ ತಿರುಳು. ಅದೇ ವರ್ಷ ಆಗಸ್ಟ್‌ನಲ್ಲಿ, ಜೀವಕ್ಕೆ ಅಪಾಯವಿದ್ದಾಗ ಬಿಟ್ಟು ಕೂಸುಗಳಿಗೆ ಇಂಥ ಆಪರೇಷನ್ ಮಾಡಬಾರದು ಎಂದು ಅಲ್ಲಿನ ಸರ್ಕಾರ ಆದೇಶ ಹೊರಡಿಸಿತು. ಜರ್ಮನಿ 2021ರಲ್ಲಿ ಇಂಥ ಮಕ್ಕಳನ್ನು ಕಾಪಾಡಲು ಕಾನೂನು ಮಾಡಿತು. ಪ್ರಷ್ಯಾದ ಆ ಮಾತು ಬಿಟ್ಟುಹೋಗಿ ಆಗಲೇ 121 ವರ್ಷ ಕಳೆದಿತ್ತು.