ಎರಡು ಇಂಚು ಲಿಫ್ಟ್ ಹಾಕಿಸಿದ ಮಾತ್ರಕ್ಕೆ ದೊಡ್ಡ ಟೈರ್ ಹಿಡಿಸಲ್ಲ

ಮಳೆಗಾಲ ಹತ್ತಿರ ಬಂತು ಅಂದರೆ ನನ್ನ ವರ್ಕ್‌ಶಾಪ್ ಮುಂದೆ ಪಿಕಪ್‌ಗಳು ಸಾಲುಗಟ್ಟುತ್ತವೆ. ಜಾಸ್ತಿ ಬರುವುದು ಇಸುಝು ವಿ-ಕ್ರಾಸ್. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ತೋಟದವರು ಒಂದು ಕಡೆ, ರಜೆ ಸಿಕ್ಕರೆ ಬೆಟ್ಟ ಹತ್ತೋಣ ಅನ್ನುವ ಬೆಂಗಳೂರಿನ ಹುಡುಗರು ಇನ್ನೊಂದು ಕಡೆ. ಕೇಳುವುದು ಮಾತ್ರ ಒಂದೇ: "ಸಾರ್, ಎರಡು ಇಂಚು ಲಿಫ್ಟ್ ಕಿಟ್ ಹಾಕ್ಸಿದ್ದೀನಿ. ಇನ್ನು ಮೂವತ್ಮೂರು ಇಂಚಿನ ಟೈರ್ ಆರಾಮಾಗಿ ಕೂರುತ್ತೆ ಅಲ್ವಾ?"

ಕೂರುತ್ತೆ, ಗಾಡಿ ನಿಂತಿದ್ದಾಗ. ಓಡುವಾಗಿನ ಕತೆ ಬೇರೆ.

ಈ ಗಾಡಿಯ ಮುಂದಿನ ಚಕ್ರ ಎರಡು ಆರ್ಮ್‌ಗಳ, ಅಂದರೆ ತೋಳಿನಂಥ ಕಬ್ಬಿಣದ ತುಂಡುಗಳ, ಆಧಾರದಲ್ಲಿ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಗಾಡಿಯನ್ನು ಎತ್ತರಿಸುವ ಈ ಲಿಫ್ಟ್ ಅಂದರೆ ಸಾಮಾನ್ಯವಾಗಿ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಜೋಡಣೆ) ತಲೆಯ ಮೇಲೆ ಒಂದು ಸ್ಪೇಸರ್ ಬಿಲ್ಲೆ, ಇಲ್ಲವೇ ಗಟ್ಟಿ ಕಾಯಿಲ್ ಸ್ಪ್ರಿಂಗ್. ಇದರಿಂದ ಬದಲಾಗುವುದು ಗಾಡಿ ನಿಲ್ಲುವ ಎತ್ತರ ಮಾತ್ರ. ಗುಂಡಿಗೆ ಬಿದ್ದಾಗ ಚಕ್ರ ಎಷ್ಟು ಮೇಲಕ್ಕೆ ಹೋಗಬಹುದು ಅನ್ನುವುದನ್ನು ತೀರ್ಮಾನಿಸುವುದು ಬಂಪ್ ಸ್ಟಾಪ್ ಅನ್ನುವ ಆ ಪುಟ್ಟ ರಬ್ಬರ್. ಮಾಮೂಲಿ ಕಿಟ್‌ಗಳು ಅದರ ತಂಟೆಗೇ ಹೋಗುವುದಿಲ್ಲ. ಲಿಫ್ಟ್ ಇರಲಿ ಬಿಡಲಿ, ಪೂರ್ತಿ ಅದುಮಿದಾಗ ಚಕ್ರ ಹೋಗಿ ನಿಲ್ಲುವುದು ಹೆಚ್ಚು ಕಡಿಮೆ ಅದೇ ಹಳೆಯ ಜಾಗದಲ್ಲಿ. ಬಾಗಿಲನ್ನು ಇನ್ನೂ ಸ್ವಲ್ಪ ಅಗಲವಾಗಿ ತೆರೆದಿಟ್ಟರೆ ಚೌಕಟ್ಟು ದೊಡ್ಡದಾಗುತ್ತಾ? ಇಲ್ಲ ತಾನೆ. ಮಡ್‌ಗಾರ್ಡ್ ಒಳಗಿನ ಜಾಗವೂ ಹಾಗೇ.

ಇದನ್ನು ನಾನು ಎಷ್ಟು ಸಲ ಹೇಳಿದರೂ ಜನ ತಲೆಯಾಡಿಸುತ್ತಾರೆ, ಆಮೇಲೆ "ಆದ್ರೂ ಎರಡಿಂಚು ಗ್ಯಾಪ್ ಕಾಣ್ತಾ ಇದೆಯಲ್ಲ ಸಾರ್" ಅಂತ ಕೈ ತೂರಿಸಿ ತೋರಿಸುತ್ತಾರೆ. ಕಾಣುವ ಗ್ಯಾಪ್ ನಿಂತ ಗಾಡಿಯದು ಮಾರಾಯ್ರೆ!

ತೋಟದ ಯಜಮಾನರೊಬ್ಬರಿದ್ದಾರೆ. ಒಳ್ಳೆಯ ಮನುಷ್ಯರು, ಬಂದಾಗಲೆಲ್ಲ ನಮ್ಮ ಹುಡುಗರಿಗೆ ಕಿತ್ತಳೆ ತರುತ್ತಾರೆ. ಬೇರೆ ಕಡೆ 285/75 ಆರ್16, ಅಂದರೆ ಅದೇ ಸುಮಾರು ಮೂವತ್ಮೂರು ಇಂಚಿನ ಟೈರ್, ಹಾಕಿಸಿಕೊಂಡು ಬಂದು, ನನ್ನ ಅಂಗಳದಲ್ಲೇ ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, "ನೋಡಿ, ಎಲ್ಲೂ ತಾಗಲ್ಲ" ಅಂತ ನಕ್ಕರು. ನಾನು ಸುಮ್ಮನಾದೆ. ಆಮೇಲೊಂದು ದಿನ ಬಿಸಿಲೆ ಘಾಟಿಯಿಂದ ಫೋನ್. "ಮುಂದುಗಡೆ ಗರ್ ಅಂತ ಸದ್ದು ಬರ್ತಾ ಇದೆ, ಏನೋ ಸುಟ್ಟ ವಾಸನೆ."

ಆಗಿದ್ದು ಇಷ್ಟೇ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬಂದು ಮೂತಿ ಬಗ್ಗಿದೆ. ಹೇರ್‌ಪಿನ್ ತಿರುವು, ಸ್ಟಿಯರಿಂಗ್ ಪೂರ್ತಿ ತಿರುಗಿದೆ. ತಿರುವಿನಲ್ಲೇ ಒಂದು ಗುಂಡಿ. ಮೂರೂ ಸೇರಿದ ಗಳಿಗೆಯಲ್ಲಿ ಟೈರಿನ ಹಿಂದಿನ ಅಂಚು ಲೈನರ್‌ಗೆ (ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ) ಉಜ್ಜಿದೆ. ಗಾಡಿ ಬಂದಾಗ ನೋಡಿದರೆ ಲೈನರ್‌ನ ಕ್ಲಿಪ್‌ಗಳು ಕಿತ್ತು, ಪ್ಲಾಸ್ಟಿಕ್ ಸುರುಳಿ ಸುತ್ತಿಕೊಂಡಿತ್ತು. ಹಿಂದೆ ವೈರಿಂಗ್ ಕಾಣುತ್ತಿತ್ತು.

ನಾವು ನೋಡುವ ರೀತಿ ಬೇರೆ. ಕಾಯಿಲ್ ತೆಗೆದು ಚಕ್ರ ಹಾಕುತ್ತೇವೆ. ಜಾಕ್ ಕೊಟ್ಟು ಆರ್ಮ್ ರಬ್ಬರ್‌ಗೆ ಒತ್ತುವ ತನಕ ಎತ್ತುತ್ತೇವೆ. ಟೈರಿನ ಭುಜಕ್ಕೆ ಸೀಮೆಸುಣ್ಣ ಬಳಿದು, ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತೇವೆ. ಲೈನರ್ ಮೇಲೆ ಎಲ್ಲಿ ಬಿಳಿ ಗೆರೆ ಮೂಡಿತೋ ಅಲ್ಲಿ ತಾಗುತ್ತದೆ ಅಂತ ಲೆಕ್ಕ. ಗೆರೆ ಲೈನರ್ ಮೇಲಿದ್ದರೆ ಕತ್ತರಿಸಬಹುದು, ಬಿಸಿ ಮಾಡಿ ಒಳಗೆ ಒತ್ತಬಹುದು. ಬಾಡಿ ಮೌಂಟ್ (ಬಾಡಿಯನ್ನು ಚಾಸಿಗೆ ಬಿಗಿದಿರುವ ಭಾಗ) ಮೇಲಿದ್ದರೆ ಟೈರ್ ಚಿಕ್ಕದು ಮಾಡಿ ಅನ್ನುತ್ತೇನೆ. ಉದ್ದದ ಬಂಪ್ ಸ್ಟಾಪ್ ಹಾಕಬಹುದು, ಆದರೆ ಸಸ್ಪೆನ್ಷನ್ ಆಟ ಅಷ್ಟು ಕಡಿಮೆಯಾಗುತ್ತದೆ, ಸವಾರಿ ಕುಟ್ಟುತ್ತದೆ. ಟೈರ್ ಹೊರಗೆ ಚಾಚುವ ಅಲಾಯ್ ಹಾಕಿದ್ದರಂತೂ ಕೇಳಲೇಬೇಡಿ. ತಿರುಗಿಸಿದಾಗ ಟೈರ್ ಇನ್ನೂ ದೊಡ್ಡ ಸುತ್ತು ಹೊಡೆಯುತ್ತದೆ, ಬಂಪರ್ ಮೂಲೆಗೂ ಬಡಿಯುತ್ತದೆ.

ಇನ್ನೊಂದು ತಮಾಷೆ. ಕಲ್ಲಿಗೆ ತಾಗುವುದು ಹಿಂದಿನ ಡಿಫರೆನ್ಷಿಯಲ್ ಗುಂಡು, ಅಂದರೆ ಹಿಂದಿನ ಎರಡು ಚಕ್ರಗಳ ನಡುವೆ ಆಕ್ಸಲ್ ಮೇಲಿರುವ ಗೇರ್ ಡಬ್ಬಿ. ಲಿಫ್ಟ್ ಕಿಟ್ ಅದನ್ನು ಒಂದು ಕೂದಲಿನಷ್ಟೂ ಎತ್ತುವುದಿಲ್ಲ. ಅದನ್ನು ಎತ್ತುವುದು ಟೈರ್ ಮಾತ್ರ, ಅದೂ ಹೆಚ್ಚಾದ ಎತ್ತರದಲ್ಲಿ ಅರ್ಧ. 16 ಇಂಚಿನ ರಿಮ್‌ನ ವಿ-ಕ್ರಾಸ್‌ಗೆ ಬರುವ 245/70 ಟೈರ್ ಸುಮಾರು 749 ಮಿ.ಮೀ. ಎತ್ತರ. 265/75 ಹಾಕಿದರೆ 804. ಡಿಫರೆನ್ಷಿಯಲ್ ಏರುವುದು 27 ಮಿ.ಮೀ. 285/75 ಹಾಕಿದರೆ 834, ಏರುವುದು 42. ಈ ಹೆಚ್ಚಿನ 15 ಮಿ.ಮೀ.ಗಾಗಿ ಬೆಲೆ ತೆರುವುದು ಗೇರ್ ಮತ್ತು ಬ್ರೇಕ್. ಚಕ್ರ ಭಾರವಾಗುತ್ತದೆ, ಏರಿನಲ್ಲಿ ಎಳೆತ ಸಾಲದು. ಸ್ಪೀಡೋಮೀಟರ್ 80 ತೋರಿಸುವಾಗ ನೀವು ಓಡುತ್ತಿರುವುದು ಸುಮಾರು 89ರಲ್ಲಿ. ತೋಟದ ಕೆಲಸಕ್ಕೆ 265/75 ಧಾರಾಳ ಸಾಕು ಅಂತ ನನ್ನ ಅನಿಸಿಕೆ. ಆದರೂ ಗಾಡಿ ನೋಡದೆ ಯಾರಿಗೂ ಖಾತ್ರಿ ಕೊಡಲ್ಲ, ಒಂದೇ ಮಾಡೆಲ್‌ನ ಎರಡು ಗಾಡಿಗಳೂ ಒಂದೇ ಥರ ಇರಲ್ಲ.

ಹಾಗಾದರೆ ಲಿಫ್ಟ್ ಇನ್ನೂ ಏರಿಸೋಣ ಅನ್ನುತ್ತೀರಾ? ಮುಂದಿನ ಆಕ್ಸಲ್ ಶಾಫ್ಟ್‌ಗಳ ಕೋನ ಕಡಿದಾಗುತ್ತದೆ, ಅವುಗಳ ಕೀಲು ಮುಚ್ಚಿರುವ ರಬ್ಬರ್ ಬೂಟ್ ಹರಿದು ಗ್ರೀಸ್ ಉಗುಳುತ್ತದೆ. ಎರಡು ಇಂಚಿಗೆ ನಾನು ನಿಲ್ಲಿಸುತ್ತೇನೆ, ಅಲೈನ್‌ಮೆಂಟ್ ಮಾಡಿಸದೆ ಗಾಡಿ ಬಿಡುವುದಿಲ್ಲ.

ಕಾನೂನಿನ ಮಾತು ಬಂದರೆ ನಾನು ವಕೀಲನಲ್ಲ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಅಳತೆಗಿಂತ ಬೇರೆಯಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಹಾಕಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು. ಕುಟ್ಟ ದಾಟಿ ಕೇರಳದ ವಯನಾಡಿನ ಕಡೆ ಹೋಗುವವರು ಇನ್ನೂ ಹುಷಾರು, ಅಲ್ಲಿ ತಪಾಸಣೆ ಬಿಗಿ. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ಬಗ್ಗಿ ನೋಡುವುದೂ ಗಾಡಿಯ ಕೆಳಗೇ. ಟೈರ್ ಕೊಳ್ಳುವ ಮೊದಲು ಆರ್‌ಟಿಒದಲ್ಲಿ, ಇನ್ಶೂರೆನ್ಸ್‌ನವರಲ್ಲಿ ಕೇಳಿ.

ಸ್ಟೆಪ್ನಿ ವಿಷಯ ಯಾರೂ ಕೇಳುವುದೇ ಇಲ್ಲ. ದೊಡ್ಡ ಟೈರ್ ಕೆಲವೊಮ್ಮೆ ಹಿಂದಿನ ತೊಟ್ಟಿಯ ಕೆಳಗಿನ ಜಾಗದಲ್ಲಿ ಕೂರುವುದಿಲ್ಲ, ಹಳೆಯದನ್ನೇ ಅಲ್ಲಿ ನೇತುಹಾಕಿಕೊಂಡಿರುತ್ತಾರೆ. ಪಂಕ್ಚರ್ ಆದಾಗ ಅದನ್ನು ಹಾಕಿ ನಿಧಾನಕ್ಕೆ ಹತ್ತಿರದ ಪಂಕ್ಚರ್ ಅಂಗಡಿವರೆಗೆ ಹೋಗಿ. ಅದು ಹಾಕಿರುವಾಗ ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಮಾತ್ರ ಹಾಕಲೇಬೇಡಿ. ನಾಲ್ಕು ಚಕ್ರ ಒಂದೇ ಸುತ್ತಳತೆಯಲ್ಲಿ ಇಲ್ಲದಿದ್ದರೆ ಮುಂದಿನ ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸ್ ಒಳಗೇ ಬಿಗಿದುಕೊಳ್ಳುತ್ತದೆ. ಅದರ ರಿಪೇರಿ ಬಿಲ್ಲಿಗೆ ಹೋಲಿಸಿದರೆ ಐದನೇ ಟೈರ್ ತುಂಬಾ ಅಗ್ಗ.