ಹೊತ್ತು ತಂದ ನೀರಿನ ಲೆಕ್ಕ

ಮಾಗಡಿ ಕಡೆಯ ಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ. ಹಿತ್ತಲಲ್ಲಿ ಒಂದು ಶೌಚಾಲಯ. ಬಾಗಿಲು ತೆಗೆದರೆ ಒಳಗೆಲ್ಲ ಸೌದೆ! ಬಿಳಿ ಬೇಸಿನ್ ಮೇಲೆ ತೆಂಗಿನ ಮಟ್ಟೆ, ಮೂಲೆಯಲ್ಲಿ ಹಳೇ ಮಂಕರಿ.

"ಒಂದ್ಸಲ ಹೋಗಿ ಬಂದ್ರೆ ಅರ್ಧ ಬಿಂದಿಗೆಗೂ ಜಾಸ್ತಿ ಸುರೀಬೇಕು ಕಣಪ್ಪ. ಯಾರು ಹೊರೋದು?" ಅಂದರು. ಮನೆಯೊಳಗೆ ನಲ್ಲಿಯಿಲ್ಲ. ಬೀದಿ ಕೊನೆಯ ತೊಂಬೆಯಿಂದ ತರಬೇಕು.

'ಕಟ್ಟಿಸಿಕೊಟ್ಟರೂ ಬಳಸಲ್ಲ' ಅಂತ ಬೆಂಗಳೂರಲ್ಲಿ ಕೂತು ನಾವು ಸುಮ್ನೆ ಬೈಯುತ್ತೇವೆ. ನಮ್ಮನೆ ನೀರನ್ನು ಹೊರುವುದು ಪಂಪು. ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಮೇಲೇರಿ ಬರುತ್ತಾಳೆ. ನಮ್ಮ ಸೊಂಟಕ್ಕೆ ಅದರ ಭಾರ ಗೊತ್ತಿಲ್ಲ. ಹಳ್ಳಿ ಮನೆಗಳಿಗೆ ನಲ್ಲಿ ನೀರು ಕೊಡಲು 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಇಟ್ಟುಕೊಂಡ ಗುರಿ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್, ಅಂದರೆ 275 ಕೆ.ಜಿ. ಇದನ್ನು 15 ಲೀಟರಿನ ಬಿಂದಿಗೆಯಲ್ಲಿ ಹೊತ್ತರೆ 19 ಸಲ ತೊಂಬೆಗೆ ಹೋಗಿಬರಬೇಕು.

ಚಿಕ್ಕಮ್ಮನ ಶೌಚಾಲಯದಲ್ಲಿ ಗುಂಡಿ ಸರಿಯಾಗಿತ್ತು, ಗೋಡೆಯೂ ಗಟ್ಟಿ. ತಪ್ಪಿದ್ದು ಬೇಸಿನ್. ಕಟ್ಟಿದವರು ಪೇಟೆ ಮನೆಗೆ ಹಾಕುವ ಬೇಸಿನ್ನೇ ತಂದು ಕೂರಿಸಿದ್ದರು. ಅದರ ತಳ ಚಪ್ಪಟೆ. ಕೆಳಗಿನ ಬಾಗಿದ ಕೊಳವೆಯಲ್ಲಿ 50 ಮಿಲಿಮೀಟರ್ ಆಳ ನೀರು ನಿಂತಿರುತ್ತದೆ. ವಾಸನೆಯನ್ನೂ ನೊಣವನ್ನೂ ತಡೆಯುವುದು ಆ ನೀರೇ. ಆದರೆ ಹಾಕಿದ್ದು ಆಚೆ ಹೋಗಬೇಕಾದರೆ ಅಷ್ಟು ಆಳದ ನೀರನ್ನು ತಳ್ಳಿಕೊಂಡೇ ಹೋಗಬೇಕು. ಅದಕ್ಕೆ ಜೋರಾಗಿ, ಜಾಸ್ತಿ ನೀರು ಬೇಕು.

ಹಳ್ಳಿಗೆಂದೇ ಮಾಡಿದ ಬೇಸಿನ್ ಬೇರೆ ಇದೆ. ಅಂಗಡಿಯವರು ರೂರಲ್ ಪ್ಯಾನ್ ಅನ್ನುತ್ತಾರೆ. ಅದರ ತಳ 25ರಿಂದ 28 ಡಿಗ್ರಿ ಇಳಿಜಾರು, ನಿಲ್ಲುವ ನೀರು ಬರೀ 20 ಮಿಲಿಮೀಟರ್. ಅರ್ಧ ಕೆಲಸ ಇಳಿಜಾರೇ ಮಾಡಿಬಿಡುತ್ತದೆ. ಒಂದೂವರೆಯಿಂದ ಎರಡು ಲೀಟರ್ ಸುರಿದರೆ ಸಾಕು. ಅಷ್ಟು ಕಮ್ಮಿ ನೀರು ನಿಂತರೆ ವಾಸನೆ ಬರಲ್ವಾ? ಬರಲ್ಲ. ಗುಂಡಿಯ ಗೋಡೆಯಲ್ಲಿ ಇಟ್ಟಿಗೆಗಳ ನಡುವೆ ಜೇನುಗೂಡಿನ ಹಾಗೆ ಕಿಂಡಿ ಬಿಟ್ಟಿರುತ್ತಾರೆ. ನೀರಿನ ಜೊತೆ ಗ್ಯಾಸೂ ಮಣ್ಣಿಗೆ ಇಂಗುತ್ತದೆ.

ಇಂಥ ಗುಂಡಿ ಎರಡಿರಬೇಕು. ಒಂದು ತುಂಬಿದಾಗ ಕೊಳವೆ ಕವಲೊಡೆಯುವ ಚೇಂಬರಿನಲ್ಲಿ ದಾರಿ ಬದಲಿಸಿ ಇನ್ನೊಂದಕ್ಕೆ ಬಿಡುತ್ತಾರೆ. ಮುಚ್ಚಿದ ಗುಂಡಿಯನ್ನು ಎರಡು ವರ್ಷ ಮುಟ್ಟಬಾರದು. ಅಷ್ಟರಲ್ಲಿ ರೋಗಾಣು ಸಾಯುತ್ತವೆ, ಒಳಗಿರುವುದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ನಮ್ಮ ಕಡೆ ಒಂದು ಎಚ್ಚರಿಕೆ ಬೇಕು. ಮೇಲ್ಮಣ್ಣು ತೆಳ್ಳಗಿದ್ದು ಕೆಳಗೆ ಬಿರುಕು ಬಿಟ್ಟ ಬಂಡೆಯಿದ್ದರೆ ಕೊಳೆ ನೀರು ಸೋಸದೆಯೇ ದೂರ ಹರಿದುಬಿಡುತ್ತದೆ. ಅಂಥ ಕಡೆ ಬಾವಿ, ಬೋರ್‌ವೆಲ್ ಹತ್ತಿರ ಗುಂಡಿ ತೋಡಿಸಲೇಬೇಡಿ.

ಹೋದ ತಿಂಗಳು ಬೆಂಗಳೂರಿನ ಅಂಗಡಿಯೊಂದರಲ್ಲಿ ಆ ಬೇಸಿನ್ ಕೇಳಿದೆ. "ಅದ್ಯಾಕೆ ಸಾರ್, ಚೆನ್ನಾಗಿರೋದು ತೋರಿಸ್ತೀನಿ" ಅಂದರು! ಕೊನೆಗೆ ಗೋಡೌನಿನಿಂದ ಧೂಳು ಒರೆಸಿ ಕೊಟ್ಟರು. ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಹೋದೆ.

ಮೇಸ್ತ್ರಿ ಕೂರಿಸುವಷ್ಟರಲ್ಲಿ ಕೈ ತೊಳೆಯಲು ಇನ್ನೊಂದು ಏರ್ಪಾಡು ಮಾಡಿದೆ. ಎರಡು ಲೀಟರಿನ ಬಾಟಲಿ, ತಳದ ಹತ್ತಿರ ಕಾದ ಮೊಳೆಯಿಂದ ಚುಚ್ಚಿದ ಒಂದು ತೂತು. ಮುಚ್ಚಳ ಬಿಗಿ ಮಾಡಿದರೆ ನೀರು ನಿಲ್ಲುತ್ತದೆ, ಯಾಕಂದರೆ ಮೇಲಿಂದ ಗಾಳಿ ಒಳಗೆ ಹೋಗುವಂತಿಲ್ಲ. ಸ್ವಲ್ಪ ಸಡಿಲಿಸಿದರೆ ಸಣ್ಣ ಧಾರೆ. ಚೊಂಬಿನಲ್ಲಿ ಇನ್ನೊಬ್ಬರು ಹುಯ್ಯುವುದು ತಪ್ಪಿತು. ಕೆಳಗೆ ಬಿದ್ದ ನೀರು ಬಾಳೆ ಬುಡಕ್ಕೆ.

ಸಿಮೆಂಟ್ ಒಣಗಿದ ಮೇಲೆ ಚಿಕ್ಕಮ್ಮನೇ ಪರೀಕ್ಷೆ ಮಾಡಿದರು. ಎರಡು ಚೊಂಬು ಸುರಿದು ಬಗ್ಗಿ ನೋಡಿದರು. ಮೂರನೆಯದನ್ನು ಹಾಗೇ ಬಕೆಟ್ಟಿಗೆ ವಾಪಸ್ ಹುಯ್ದರು.

"ಅದೇನೋ ಸರಿ," ಅಂದರು, "ಮಳೆ ಬಂದ್ರೆ ಸೌದೆ ಎಲ್ಲಿಡ್ಲಿ?"