‘ಶ್ರೀನಿವಾಸಮೂರ್ತಿ’ಯಲ್ಲಿ ಎಷ್ಟು ಅಕ್ಷರ?

ವೆಬ್ ಕಲಿಸುವ ಪ್ರಾಜೆಕ್ಟ್ ಎಂದರೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಹೆಸರು, ವಿಳಾಸ ತುಂಬುವ ಒಂದು ಫಾರ್ಮ್. ಅದು ಮೊದಲ ಸಲಕ್ಕೇ ಓಡಿಬಿಡುತ್ತದೆ, ತೊಂದರೆ ಇರುವುದೇ ಅಲ್ಲಿ. ಎಲ್ಲೂ ಕೈಕೊಡದ ಪುಟ ವಿದ್ಯಾರ್ಥಿಗೆ ಒಳಗಿನ ಸಂಗತಿ ಏನನ್ನೂ ತೋರಿಸುವುದಿಲ್ಲ. ಬದಲಿಗೆ ಕಾಲೇಜಿನ ಲೈಬ್ರರಿಯ ಸುಮಾರು 30 ಕನ್ನಡ ಪುಸ್ತಕಗಳ ಪಟ್ಟಿ ಕೊಡಿ. ಪುಸ್ತಕದ ಹೆಸರು, ಲೇಖಕರು, ಕಪಾಟಿನ ಸಂಖ್ಯೆ ಇಷ್ಟಿದ್ದರೆ ಸಾಕು. ಮೊಬೈಲಿನಲ್ಲಿ ಓದಲು, ಹುಡುಕಲು ಆಗುವಂಥ ಒಂದು ಪುಟ ಮಾಡಿಸಿ.

ಮೊದಲ ಲ್ಯಾಬಿನಲ್ಲಿ ಬರೀ ಪುಟದ ಹಂದರ ಕಟ್ಟುವ ಎಚ್‌ಟಿಎಂಎಲ್, ಬಣ್ಣದ ಮಾತೇ ಬೇಡ. ನೋಟ್‌ಪ್ಯಾಡಿನಲ್ಲಿ ಬರೆದವರ ಫೈಲಿಗೆ ಬಾಲದಲ್ಲಿ ‘ಡಾಟ್ ಟಿಎಕ್ಸ್‌ಟಿ’ ಅಂಟಿಕೊಂಡು ಪುಟ ತೆರೆಯದಿರುವುದು ಮಾಮೂಲು. ವಿಂಡೋಸಿನಲ್ಲಿ ಈ ಬಾಲ, ಅಂದರೆ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿಕೊಂಡರೆ ಅದು ಮುಗಿಯಿತು. ಮುಂದಿನದು, ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ (ಎನ್‌ಕೋಡಿಂಗ್) ಯುಟಿಎಫ್-8 ಎಂದು ಸಾರುವ ಮೆಟಾ ಚಾರ್‌ಸೆಟ್ ಸಾಲು. ಅದು ಫೈಲಿನ ಮೊದಲ 1024 ಬೈಟ್‌ಗಳೊಳಗೆ ಇರಬೇಕು. ಇಲ್ಲದಿದ್ದರೆ ಬ್ರೌಸರ್ ಊಹಿಸಲು ಹೊರಡುತ್ತದೆ: ಸ್ವಂತ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡ ಕನ್ನಡ ಸರ್ವರ್‌ಗೆ ಹೋದಮೇಲೆ ಕಲಸುಮೇಲೋಗರವಾಗಬಹುದು. ‘ಕ’ ಎಂಬ ಒಂದಕ್ಷರ ಯುಟಿಎಫ್-8ರಲ್ಲಿ ಮೂರು ಬೈಟ್. ಅವನ್ನು ಹಳೆಯ ವಿಂಡೋಸ್ ಎನ್‌ಕೋಡಿಂಗ್ ಎಂದು ಓದಿದರೆ ಅದರ ಜಾಗದಲ್ಲಿ ಮೂರು ವಿಚಿತ್ರ ಚಿಹ್ನೆಗಳು ಕಾಣುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಪಟ್ಟಿಯನ್ನು ಯಾರಾದರೂ ಹಾಗೇ ಅಂಟಿಸಿದರೆ ಕಾಯಿಲೆಯೇ ಬೇರೆ. ಅಲ್ಲಿ ಯುನಿಕೋಡ್ (ಲಿಪಿಗಳ ಒಂದೊಂದು ಚಿಹ್ನೆಗೂ ಒಂದು ಸಂಖ್ಯೆ ಕೊಡುವ ವ್ಯವಸ್ಥೆ) ಇರುವುದೇ ಇಲ್ಲ, ಚಾರ್‌ಸೆಟ್ ಬದಲಿಸಿ ಫಲವಿಲ್ಲ, ಪರಿವರ್ತಕದಲ್ಲಿ ಹಾಕಿ ತೆಗೆಯಬೇಕು. ಇವೆರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ಎನ್‌ಕೋಡಿಂಗ್ ಬೇರೆ, ಫಾಂಟ್ ಬೇರೆ ಎಂಬುದಕ್ಕೆ ಉಪನ್ಯಾಸ ಬೇಕಿಲ್ಲ.

ಸಿಎಸ್‌ಎಸ್‌ಗೆ (ಪುಟದ ಬಣ್ಣ, ವಿನ್ಯಾಸ ಹೇಳುವ ಭಾಷೆ) ಒಂದು ಲ್ಯಾಬ್ ಸಾಕು. ಪರದೆಯ ಅಗಲಕ್ಕೆ ಪುಟವನ್ನು ಹೊಂದಿಸಲು ಹೇಳುವ ವ್ಯೂಪೋರ್ಟ್ ಮೆಟಾ ಸಾಲು ಮರೆತರೆ ಫೋನು ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲದ್ದೆಂದುಕೊಂಡು ಕುಗ್ಗಿಸುತ್ತದೆ, ಅಕ್ಷರ ಇರುವೆಯಷ್ಟಾಗುತ್ತದೆ. 360 ಪಿಕ್ಸೆಲ್ ಅಗಲದಲ್ಲಿ ಪರೀಕ್ಷಿಸಿ ಮುಂದೆ ಹೋಗಿ.

ನಿಜವಾದ ರುಚಿ ಪುಟವನ್ನು ಕೆಲಸಕ್ಕೆ ಹಚ್ಚುವ ಜಾವಾಸ್ಕ್ರಿಪ್ಟಿನಲ್ಲಿದೆ. ಪುಸ್ತಕದ ಪಟ್ಟಿಯನ್ನು ಜೇಸನ್ (ಮಾಹಿತಿ ಬರೆದಿಡುವ ಒಂದು ಪಠ್ಯ ರೂಪ) ಫೈಲಿನಲ್ಲಿಟ್ಟು, ಫೈಲು ತರಿಸುವ ಆಜ್ಞೆಯಾದ ಫೆಚ್‌ನಿಂದ ತರಿಸಿ. ಪುಟವನ್ನು ಡಬಲ್ ಕ್ಲಿಕ್ ಮಾಡಿ ತೆರೆದವರಿಗೆ ಕನ್ಸೋಲಿನಲ್ಲಿ (ಬ್ರೌಸರ್ ತಪ್ಪುಗಳನ್ನು ತೋರಿಸುವ ಕಿಟಕಿ) ಕೆಂಪು ಸಾಲು ಗ್ಯಾರಂಟಿ: ಹಾಗೆ ತೆರೆದ ಪುಟ ಪಕ್ಕದ ಫೈಲನ್ನು ಓದಲು ಬ್ರೌಸರ್ ಬಿಡುವುದಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಪುಟ್ಟ ಸರ್ವರ್ ಓಡಿಸಿ, ಲೋಕಲ್‌ಹೋಸ್ಟ್ 8000ರಲ್ಲಿ (ನಮ್ಮದೇ ಕಂಪ್ಯೂಟರಿನ ವಿಳಾಸ) ತೆರೆದರೆ ಸರಿಹೋಗುತ್ತದೆ. ಸರ್ವರ್ ಯಾಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗುವುದೂ ಇಲ್ಲೇ.

ಪುಸ್ತಕ ಕಾದಿರಿಸುವವರ ಹೆಸರಿಗೆ ಒಂದು ಖಾನೆ ಸೇರಿಸಿ, 12 ಅಕ್ಷರಗಳ ಮಿತಿ ಹಾಕಿಸಿ. ಆಮೇಲೆ ‘ಶ್ರೀನಿವಾಸಮೂರ್ತಿ’ ಎಂದು ಅಂಟಿಸಿ ನೋಡಿ. ನಮ್ಮ ಕಣ್ಣಿಗೆ ಆರೇ ಅಕ್ಷರ, ಆದರೂ ‘ಶ್ರೀನಿವಾಸಮೂರ’ ಎಂದು ಕತ್ತರಿಸಿಹೋಗುತ್ತದೆ. ಯುನಿಕೋಡಿನಲ್ಲಿ ವ್ಯಂಜನ, ಹಲಂತ, ಸ್ವರಚಿಹ್ನೆ ಒಂದೊಂದಕ್ಕೂ ಪ್ರತ್ಯೇಕ ಸಂಕೇತ. ‘ಶ್ರೀ’ಗೇ ನಾಲ್ಕು, ಇಡೀ ಹೆಸರಿಗೆ 15, ಯುಟಿಎಫ್-8ರಲ್ಲಿ 45 ಬೈಟ್. ಕನ್ಸೋಲಿನಲ್ಲಿ ಲೆಂಗ್ತ್ (ಉದ್ದ) ಕೇಳಿದರೆ 15 ಎಂದೇ ಹೇಳುತ್ತದೆ.

ಹುಡುಕಾಟದಲ್ಲಿ ಇನ್ನೊಂದು ಕಿತಾಪತಿ ಇದೆ. ‘ಕಾಮತ್’ ಎಂದು ಹುಡುಕಿದರೆ ಪಟ್ಟಿಯಲ್ಲಿರುವ ‘ಕಾಮತ್’ ಕೆಲವೊಮ್ಮೆ ಸಿಗುವುದಿಲ್ಲ, ಎರಡೂ ಹೆಸರು ನೋಡಲು ಒಂದೇ ಆಗಿದ್ದರೂ. ಕೆಲವು ಕೀಬೋರ್ಡ್‌ಗಳು ಕೊನೆಯ ಹಲಂತದ ನಂತರ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸುತ್ತವೆ, 200ಸಿ ಎಂಬ ಯುನಿಕೋಡ್ ಸಂಖ್ಯೆಯದು. ಒಂದರ ಉದ್ದ 5, ಇನ್ನೊಂದರದು 6. ಹೋಲಿಸುವಾಗ ಮಾತ್ರ ಎರಡೂ ಕಡೆಯಿಂದ ಅದನ್ನು ತೆಗೆದುಹಾಕಬೇಕು. ಮೂಲ ಪಟ್ಟಿಯಲ್ಲಿ ಅಳಿಸಿದರೆ ‘ರಾಜ್‌ಕುಮಾರ್’ ‘ರಾಜ್ಕುಮಾರ್’ ಆಗಿ ಒತ್ತಕ್ಷರ ಹುಟ್ಟಿಕೊಳ್ಳುತ್ತದೆ. ಉತ್ತರವನ್ನು ಮೊದಲೇ ಹೇಳಬೇಡಿ, ಎರಡೂ ಹೆಸರುಗಳ ಉದ್ದ ಅಳೆಯಲು ಹೇಳಿ ಸುಮ್ಮನಿರಿ.

ಕೊನೆಯ ಲ್ಯಾಬಿನಲ್ಲಿ ಪುಟವನ್ನು ನಿಜವಾದ ಸರ್ವರಿಗೆ ಏರಿಸುವಾಗ ಪುಸ್ತಕಗಳ ರಕ್ಷಾಪುಟದ ಚಿತ್ರಗಳನ್ನು ಸೇರಿಸಿದ್ದರೆ ಅವು ಮಾಯವಾಗಬಹುದು. ಫೈಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರಗಳು ವಿಂಡೋಸಿಗೆ ಒಂದೇ, ಲಿನಕ್ಸಿಗೆ ಬೇರೆ ಬೇರೆ. ಅದಕ್ಕೇ ‘ಫೈಲ್ ಸಿಗಲಿಲ್ಲ’ ಎನ್ನುವ 404. ಹೆಸರೆಲ್ಲ ಸಣ್ಣಕ್ಷರದಲ್ಲೇ, ನಡುವೆ ಖಾಲಿ ಜಾಗ ಬಿಡದೆ ಇಡಿಸಿ.